ತರಗತಿಯ ಕಲಿಕೆಗೆ ಮನೆಯ ಆಸರೆ: ಮೊದಲು ತರಗತಿಯ ಕ್ರಮವನ್ನು ತಿಳಿಯೋಣ

ಒಂದನೇ ತರಗತಿಗೆ ಸೇರಿ ಮೂರು ತಿಂಗಳಾದರೂ ಮಗು ಅ ಆ ಇ ಈ ಹೇಳುವುದಿಲ್ಲ, ನೋಟ್‌ಬುಕ್ಕಿನಲ್ಲಿ ಬರವಣಿಗೆಯೇ ಕಾಣುವುದಿಲ್ಲ, ಏನು ಕಲಿತೆ ಎಂದು ಕೇಳಿದರೆ ‘ರ ಗ ಸ ದ ಅ’ ಎನ್ನುತ್ತದೆ ಎಂಬುದು ನಮ್ಮ ಸರ್ಕಾರಿ ಶಾಲೆಗಳ ಪೋಷಕರ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ದೂರು. ಶಾಲೆಯಲ್ಲಿ ಪಾಠವೇ ನಡೆಯುತ್ತಿಲ್ಲವೆಂದು ಭಾವಿಸಿದ ಮನೆಯವರು ಸಂಜೆ ಹೊತ್ತು ಮಗುವನ್ನು ಕೂರಿಸಿಕೊಂಡು ತಾವು ಕಲಿತ ಕ್ರಮದಲ್ಲೇ ವರ್ಣಮಾಲೆಯನ್ನು ತಿದ್ದಿಸುತ್ತಾರೆ, ಮಗ್ಗಿ ಬಾಯಿಪಾಠ ಮಾಡಿಸುತ್ತಾರೆ. ಅವರ ಕಾಳಜಿ ನಿಜವಾದದ್ದೇ. ಆದರೆ ಬೆಳಿಗ್ಗೆ ಒಂದು ದಾರಿ, ಸಂಜೆ ಇನ್ನೊಂದು ದಾರಿ ಎಂದಾದಾಗ ಆರು ವರ್ಷದ ಮಗು ಎರಡನ್ನೂ ಕೂಡಿಸಿಕೊಳ್ಳಲಾರದೆ ಕಂಗೆಡುತ್ತದೆ. ಮನೆಯ ನೆರವು ಫಲ ಕೊಡಬೇಕಾದರೆ ತರಗತಿಯಲ್ಲಿ ಏನು, ಯಾವ ಕ್ರಮದಲ್ಲಿ, ಏಕೆ ನಡೆಯುತ್ತಿದೆ ಎಂಬುದು ಮನೆಯವರಿಗೆ ತಿಳಿದಿರಬೇಕು. ತರಗತಿಯ ಕೆಲಸವನ್ನು ಮನೆಯಲ್ಲಿ ಮತ್ತೊಮ್ಮೆ ಮಾಡುವ ಅಗತ್ಯವಿಲ್ಲ. ಮೂವತ್ತು ಮಕ್ಕಳ ನಡುವೆ ಶಿಕ್ಷಕರಿಗೆ ಬಿಡುವು ಸಿಗದ ಕೆಲವು ಕೆಲಸಗಳನ್ನು ಮನೆ ಮಾಡಬಲ್ಲದು, ಅವು ಯಾವುವು ಎಂಬುದೇ ಇಲ್ಲಿನ ವಿಚಾರ.

ಕರ್ನಾಟಕದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೇ ತರಗತಿಯ ಮಕ್ಕಳು ಕಲಿಯುವುದು ನಲಿ-ಕಲಿ ಪದ್ಧತಿಯಲ್ಲಿ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನೊಂದಿಗೆ ಇದು ಆರಂಭವಾಯಿತು. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಪ್ರಯೋಗ ಇದಕ್ಕೆ ಪ್ರೇರಣೆ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಇದು ವಿಸ್ತರಿಸಿತು. ಇಲ್ಲಿ ಎಲ್ಲ ಮಕ್ಕಳೂ ಒಂದೇ ದಿನ ಒಂದೇ ಪಾಠವನ್ನು ಕಲಿಯುವುದಿಲ್ಲ. ಕಲಿಯಬೇಕಾದದ್ದನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ‘ಕಲಿಕಾ ಏಣಿ’ ಎಂಬ ಪಟದಲ್ಲಿ ಬಿಡಿಸಲಾಗಿರುತ್ತದೆ; ಕೆಲವು ಮೆಟ್ಟಿಲು ಸೇರಿದರೆ ಒಂದು ‘ಮೈಲಿಗಲ್ಲು’. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ಏಣಿಯಲ್ಲಿ ತನ್ನ ಜಾಗವನ್ನು ನೋಡಿಕೊಂಡು, ಆ ಕಾರ್ಡನ್ನು ತಾನೇ ತೆಗೆದುಕೊಂಡು, ತನ್ನ ‘ತಟ್ಟೆ’ಗೆ, ಅಂದರೆ ಗುಂಪಿಗೆ, ಹೋಗಿ ಕೂರುತ್ತದೆ. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಕಡೆ, ಅಲ್ಪ ನೆರವು ಸಾಕಾದವರು ಇನ್ನೊಂದು ಕಡೆ, ಸಹಪಾಠಿಗಳ ನೆರವಿನಿಂದ ಕಲಿಯುವವರು ಮತ್ತೊಂದು ಕಡೆ, ತಾವೇ ಕಲಿಯಬಲ್ಲವರು ಬೇರೊಂದು ಕಡೆ. ಕೆಲಸದ ಬಹುಪಾಲು ಕಾರ್ಡು, ಗೋಡೆಯ ಕೆಳಭಾಗದ ಕಪ್ಪುಹಲಗೆ, ನೆಲ ಮತ್ತು ಮಾತಿನಲ್ಲಿ ನಡೆಯುವುದರಿಂದ ನೋಟ್‌ಬುಕ್ಕು ತೆಳ್ಳಗಿರುತ್ತದೆ. ತೆಳ್ಳಗಿನ ನೋಟ್‌ಬುಕ್ಕನ್ನು ನೋಡಿ ಕಲಿಕೆಯನ್ನು ಅಳೆಯಬಾರದು. ತರಗತಿಗೆ ಹೋಗಿ ಏಣಿಯಲ್ಲಿ ಮಗು ಎಲ್ಲಿದೆ ಎಂದು ಕೇಳಿದರೆ ಶಿಕ್ಷಕರು ಬೆರಳಿಟ್ಟು ತೋರಿಸುತ್ತಾರೆ, ಮಗುವೇ ತೋರಿಸುತ್ತದೆ.

ಇನ್ನು ‘ರ ಗ ಸ ದ ಅ’ ಎಂಬ ಕ್ರಮ. ನಮ್ಮ ವರ್ಣಮಾಲೆ ಧ್ವನಿ ಹುಟ್ಟುವ ಸ್ಥಾನಗಳನ್ನು ಅನುಸರಿಸಿ ಜೋಡಿಸಿದ, ಬಹಳ ಶಾಸ್ತ್ರೀಯವಾದ ಪಟ್ಟಿ. ಆದರೆ ಓದಲು ಕಲಿಯುವ ಮಗುವಿಗೆ ಮೊದಲು ಬೇಕಾದದ್ದು ಆ ಶಾಸ್ತ್ರವಲ್ಲ. ಅಕ್ಷರಗಳು ಸೇರಿ ತನಗೆ ಗೊತ್ತಿರುವ ಮಾತಾಗುತ್ತವೆ ಎಂಬ ಅನುಭವ. ಅ ಆ ಇ ಈ ಉ ಎಂಬ ಐದನ್ನು ಕಲಿತ ಮಗು ಹೆಚ್ಚೆಂದರೆ ‘ಆ’, ‘ಈ’ ಎಂಬ ಒಂಟಿ ಮಾತುಗಳನ್ನು ಓದಬಲ್ಲದು. ರ ಗ ಸ ದ ಅ ಕಲಿತ ಮಗುವಾದರೋ ಸರ, ದರ, ರಸ, ಅರಸ, ಅಗಸ, ಗರಗಸ ಇವೆಲ್ಲವನ್ನೂ ಆ ವಾರವೇ ಓದಬಲ್ಲದು. ಬರೆಯಲು ಸುಲಭವಾದ, ಒಂದಕ್ಕೊಂದು ಹೋಲುವ ಆಕಾರದ, ಪದಗಳಲ್ಲಿ ಹೆಚ್ಚಾಗಿ ಬರುವ ಅಕ್ಷರಗಳನ್ನು ಮುಂದೆ ತಂದಿರುವುದರ ಹಿಂದೆ ಇರುವ ತರ್ಕ ಇದು. ಆದ್ದರಿಂದ ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ ಸರಳ: ತರಗತಿಯಲ್ಲಿ ಈವರೆಗೆ ಯಾವ ಅಕ್ಷರಗಳಾಗಿವೆ ಎಂದು ಕೇಳಿಕೊಂಡು, ಆ ಅಕ್ಷರಗಳಿಂದಷ್ಟೇ ಪದ ಕಟ್ಟುವ ಆಟ ಆಡುವುದು. ಹಳೆಯ ಮದುವೆ ಕಾಗದದ ಹಿಂಬದಿಯನ್ನು ಚೌಕವಾಗಿ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ಬರೆದು, ನೆಲದ ಮೇಲೆ ಹರಡಿದರೆ ಸಾಕು. ವರ್ಣಮಾಲೆಯ ಕ್ರಮವನ್ನೂ ಮಗು ಕಲಿಯಲೇಬೇಕು, ನಿಘಂಟು ನೋಡುವುದಕ್ಕೆ ಅದು ಬೇಕು. ಆದರೆ ಓದು ಕುದುರಿದ ಮೇಲೆ ಅದು ಸಲೀಸಾಗಿ ಬರುತ್ತದೆ.

ಕನ್ನಡ ಬರೆದಂತೆ ಓದುವ ಭಾಷೆ, ಆದ್ದರಿಂದ ಒಂದು ವರ್ಷದಲ್ಲಿ ಓದು ಬಂದುಬಿಡಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ಪೂರ್ತಿ ನಿಜವಲ್ಲ. ಮೂಲಾಕ್ಷರಗಳು ಐವತ್ತರ ಆಸುಪಾಸಿನಲ್ಲಿದ್ದರೂ ಮಗು ಪುಟದ ಮೇಲೆ ಎದುರಿಸುವುದು ಕಾಗುಣಿತದಿಂದ ಹುಟ್ಟಿದ ನೂರಾರು ರೂಪಗಳನ್ನು; ಒತ್ತಕ್ಷರಗಳು ಸೇರಿದರೆ ಲೆಕ್ಕ ಇನ್ನೂ ಮೇಲೇರುತ್ತದೆ. ಬೆಂಗಳೂರಿನ ಮಕ್ಕಳ ಕನ್ನಡ ಓದನ್ನು ದೀರ್ಘಕಾಲ ಅಭ್ಯಸಿಸಿರುವ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಅಕ್ಷರಗಳ ಕಲಿಕೆಗೆ ಹೋಲಿಸಿದರೆ ಕನ್ನಡದ ಅಕ್ಷರರೂಪಗಳ ಕಲಿಕೆ ನಿಧಾನವಾಗಿ ಸಾಗುತ್ತದೆ, ನಾಲ್ಕನೇ ತರಗತಿಯವರೆಗೂ ಅದು ಮುಂದುವರಿಯುತ್ತದೆ ಎಂದು ತೋರಿಸಿದ್ದಾರೆ. ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಅದು ದಡ್ಡತನವಲ್ಲ. ಲಿಪಿಯೇ ಒಡ್ಡುವ ಸಹಜವಾದ ಸವಾಲು.

ಆ ಸವಾಲು ಎಲ್ಲಿದೆ ಎಂದು ಹತ್ತಿರದಿಂದ ನೋಡೋಣ. ‘ಶಕ್ತಿ’ ಎಂಬ ಪದದಲ್ಲಿ ಗುಡಿಸು, ಅಂದರೆ ಇಕಾರದ ಗುರುತು, ಕಣ್ಣಿಗೆ ಕಾಣುವುದು ಕಕಾರದ ಮೇಲೆ. ಬಾಯಲ್ಲಿ ಅದರ ಇಕಾರ ಹೊರಡುವುದು ಕೆಳಗಿರುವ ತಕಾರದ ಒತ್ತಿನ ನಂತರ. ಕಣ್ಣಿಗೆ ಕಂಡದ್ದನ್ನೇ ಪ್ರಾಮಾಣಿಕವಾಗಿ ಓದುವ ಮಗು ‘ಶಕಿತ’ ಎನ್ನುತ್ತದೆ. ‘ಸೂರ್ಯ’ ಎಂಬಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಕೂತಿದ್ದರೂ ಅದರ ಸದ್ದು ಯಕಾರಕ್ಕಿಂತ ಮೊದಲು ಬರಬೇಕು; ಮಗು ‘ಸೂಯರ’ ಎಂದು ಓದಿದರೆ ಅದೂ ಕಣ್ಣಿಗೆ ಕಂಡದ್ದೇ. ಇಂಥ ಕಡೆ ‘ಸರಿಯಾಗಿ ನೋಡು’ ಎಂದು ಗದರಿದರೆ ಏನೂ ಪ್ರಯೋಜನವಿಲ್ಲ, ಏಕೆಂದರೆ ಅದು ಸರಿಯಾಗಿಯೇ ನೋಡಿದೆ. ಪದವನ್ನು ನಿಧಾನವಾಗಿ ಉಚ್ಚರಿಸಿ, ‘ಶಕ್’ ಎಂಬಲ್ಲಿ ಒಂದು ಚಪ್ಪಾಳೆ, ‘ತಿ’ ಎಂಬಲ್ಲಿ ಇನ್ನೊಂದು ಚಪ್ಪಾಳೆ ತಟ್ಟಿಸಿ, ಮೇಲಿನ ವ್ಯಂಜನ, ಕೆಳಗಿನ ವ್ಯಂಜನ, ಆಮೇಲೆ ಸ್ವರ ಎಂಬ ಕ್ರಮವನ್ನು ಬೆರಳಿನಿಂದ ತೋರಿಸಬೇಕು. ಭಕ್ತಿ, ಯುಕ್ತಿ, ಮುಕ್ತಿ ಎಂದು ಅದೇ ಜಾತಿಯ ನಾಲ್ಕಾರು ಪದಗಳನ್ನು ಒಟ್ಟಿಗೆ ಓದಿಸಿದರೆ ಸೂತ್ರ ಮಗುವಿಗೆ ತಾನಾಗಿ ಹೊಳೆಯುತ್ತದೆ.

ಮನೆಯಲ್ಲಿ ಮಾಡಬಹುದಾದ ಎಲ್ಲ ಕೆಲಸಗಳಲ್ಲಿ ಒಂದನ್ನೇ ಆರಿಸಿ ಎಂದರೆ, ದಿನಕ್ಕೆ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದುವುದನ್ನು ಪಕ್ಕದಲ್ಲಿ ಕೂತು ಕೇಳಿ ಎನ್ನುತ್ತೇನೆ. ತರಗತಿಯಲ್ಲಿ ಪ್ರತಿ ಮಗುವಿನ ಓದನ್ನು ಪ್ರತಿದಿನ ಪೂರ್ತಿ ಕೇಳುವುದು ಎಂಥ ಶಿಕ್ಷಕರಿಗೂ ಆಗದ ಮಾತು. ಕೇಳುವುದಕ್ಕೂ ಒಂದು ಕ್ರಮವಿದೆ. ಮಗು ತಡವರಿಸಿದ ಕೂಡಲೇ ಪದವನ್ನು ಹೇಳಿಕೊಡದೆ, ಮನಸ್ಸಿನಲ್ಲಿ ಐದರವರೆಗೆ ಎಣಿಸುವಷ್ಟು ಹೊತ್ತು ಕಾಯಬೇಕು; ಆಗಲೂ ಬಾರದಿದ್ದರೆ ಮೊದಲ ಅಕ್ಷರವನ್ನು ತೋರಿಸಿ, ಅದಕ್ಕೆ ಕೊಂಬಿದೆಯೋ ಏತ್ವವಿದೆಯೋ ಎಂದು ಕೇಳಬೇಕು; ಅದಕ್ಕೂ ಬಾರದಿದ್ದರೆ ಹೇಳಿಕೊಟ್ಟು, ವಾಕ್ಯವನ್ನು ಮೊದಲಿನಿಂದ ಓದಿಸಬೇಕು. ಅರ್ಥ ಕೆಡದ ಸಣ್ಣ ತಪ್ಪಿಗೆ ಓದನ್ನು ತಡೆಯದೆ ಪುಟ ಮುಗಿದ ಮೇಲೆ ಆ ಪದಕ್ಕೆ ಹಿಂದಿರುಗಿದರೆ ಸಾಕು. ಪುಟ ಮುಗಿದಾಗ, ‘ಅವನು ಯಾಕೆ ಹಾಗೆ ಮಾಡಿದ ಅಂತ ನಿನಗೆ ಅನ್ನಿಸುತ್ತೆ?’ ಎಂದು ಒಂದು ಪ್ರಶ್ನೆ ಕೇಳಬೇಕು, ಏಕೆಂದರೆ ಅರ್ಥವಾಗದೆ ಸರಾಗವಾಗಿ ಓದುವ ಮಕ್ಕಳೂ ಇದ್ದಾರೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಪಠ್ಯಪುಸ್ತಕದ ಪಾಠವನ್ನು ಮಗು ಪಟಪಟನೆ ಒಪ್ಪಿಸುತ್ತಿದ್ದರೆ ಅದು ಓದುತ್ತಿದೆ ಎಂದು ನಂಬಿಬಿಡಬಾರದು. ಹಲವು ಮಕ್ಕಳು ಕೇಳಿ ಕೇಳಿ ಪಾಠವನ್ನು ಕಂಠಸ್ಥ ಮಾಡಿಕೊಂಡು, ಪುಟದ ಮೇಲೆ ಕಣ್ಣಾಡಿಸುತ್ತಾ ಹೇಳುತ್ತಾರೆ. ಪುಟದ ನಡುವಿನ ಒಂದು ಪದಕ್ಕೆ ಬೆರಳಿಟ್ಟು ಇದೇನು ಎಂದು ಕೇಳಿದರೆ, ಅಥವಾ ವಾಕ್ಯವನ್ನು ಕೊನೆಯ ಪದದಿಂದ ಹಿಂದಕ್ಕೆ ಓದು ಎಂದರೆ ನಿಜ ಸಂಗತಿ ಕೂಡಲೇ ತಿಳಿಯುತ್ತದೆ. ಕಂಠಪಾಠ ಮಾಡಿದ್ದಕ್ಕೆ ಬೈಯಬಾರದು, ನೆನಪಿನ ಶಕ್ತಿಯೂ ಒಂದು ಬಲವೇ. ಮಗುವಿಗೆ ಮೊದಲೇ ಗೊತ್ತಿಲ್ಲದ ಬರಹವನ್ನು ಕೊಡಬೇಕು, ಅಷ್ಟೆ. ಅದಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯುತ್ತದೆ. ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡವಾಗಿ ಉಚಿತವಾಗಿ ಸಿಗುತ್ತವೆ. ಬಸ್ಸಿನ ಬೋರ್ಡು, ಅಂಗಡಿಯ ಫಲಕ, ಗೋಡೆಯ ಜಾಹೀರಾತು, ಬೇಳೆ ಪ್ಯಾಕೆಟ್ಟಿನ ಮೇಲಿನ ಬರಹ ಎಲ್ಲವೂ ಓದುವ ಸಾಮಗ್ರಿಯೇ.

ಮನೆಮಾತಿನ ಬಗ್ಗೆಯೂ ಎರಡು ಮಾತು ಹೇಳಬೇಕು. ಮನೆಯಲ್ಲಿ ‘ಬತ್ತೈತೆ’ ಎಂದೋ ‘ಬರ್ತೈತಿ’ ಎಂದೋ ‘ಬತ್ತದೆ’ ಎಂದೋ ಆಡುವ ಮಗು ಪುಸ್ತಕದಲ್ಲಿ ‘ಬರುತ್ತದೆ’ ಎಂಬುದನ್ನು ಕಾಣುತ್ತದೆ. ತುಳು, ಕೊಂಕಣಿ, ಉರ್ದು, ಲಂಬಾಣಿ ಮನೆಮಾತಿನ ಮಗುವಿಗಂತೂ ಇದು ಇನ್ನೂ ದೂರದ ಭಾಷೆ. ಮನೆಯ ಮಾತು ಅಶುದ್ಧ ಎಂದು ಹೇಳಿ ಬಾಯಿ ಮುಚ್ಚಿಸಿದರೆ ಮಗು ಎರಡೂ ಭಾಷೆಗಳಲ್ಲಿ ಮೌನಿಯಾಗುತ್ತದೆ. ಪಾಠದ ಕಥೆಯನ್ನು ತನ್ನ ಮನೆಮಾತಿನಲ್ಲಿ ಅಜ್ಜಿಗೆ ಹೇಳಲು ಬಿಟ್ಟರೆ, ಅದಕ್ಕೆ ಅರ್ಥವಾಗಿದೆಯೇ ಇಲ್ಲವೇ ಎಂಬುದೂ ತಿಳಿಯುತ್ತದೆ, ಅರ್ಥವಾದದ್ದು ಗಟ್ಟಿಯೂ ಆಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೂ ಈ ಮಾತು ಅನ್ವಯಿಸುತ್ತದೆ. ವಿಜ್ಞಾನದ ಪಾಠವನ್ನು ಕನ್ನಡದಲ್ಲಿ ವಿವರಿಸಬಲ್ಲ ಮಗುವಿಗೆ ಆ ವಿಷಯ ಒಳಗಿಳಿದಿದೆ ಎಂದರ್ಥ; ಇಂಗ್ಲಿಷಿನಲ್ಲಿ ಪ್ರಶ್ನೋತ್ತರ ಒಪ್ಪಿಸುವುದು ಅಂಥ ಭರವಸೆಯನ್ನು ಕೊಡುವುದಿಲ್ಲ.

ಗಣಿತದಲ್ಲಿ ಮನೆಗೂ ಶಾಲೆಗೂ ಘರ್ಷಣೆ ಹೆಚ್ಚು. 52ರಿಂದ 27 ಕಳೆಯಲು ಕೊಟ್ಟಾಗ ಅನೇಕ ಮಕ್ಕಳು 35 ಎಂದು ಬರೆಯುತ್ತಾರೆ. ಇದು ಅಜಾಗರೂಕತೆಯ ತಪ್ಪಲ್ಲ. 2ರಲ್ಲಿ 7 ಹೋಗುವುದಿಲ್ಲವೆಂದು ಕಂಡ ಮಗು ದೊಡ್ಡದರಿಂದ ಚಿಕ್ಕದನ್ನು ಕಳೆದು 5 ಎಂದು, 5ರಿಂದ 2 ಕಳೆದು 3 ಎಂದು ಬರೆದಿದೆ. ಅದರ ಕೈಯಲ್ಲೊಂದು ನಿಯಮವಿದೆ, ಆ ನಿಯಮ ತಪ್ಪಾಗಿದೆ. ‘ಪಕ್ಕದ ಮನೆಯಿಂದ ಒಂದು ಸಾಲ ತಗೋ’ ಎಂದು ಹೇಳಿಕೊಟ್ಟರೆ ಉತ್ತರವೇನೋ ಸರಿಹೋಗುತ್ತದೆ, ಆದರೆ ತಂದ ಒಂದು ಹತ್ತು ಹೇಗಾಯಿತು ಎಂಬುದು ಮಗುವಿಗೆ ಒಗಟಾಗಿಯೇ ಉಳಿಯುತ್ತದೆ. ತೆಂಗಿನ ಪೊರಕೆಯ ಕಡ್ಡಿಗಳನ್ನು ಮುರಿದು, ಹತ್ತು ಹತ್ತಕ್ಕೆ ರಬ್ಬರ್ ಬ್ಯಾಂಡ್ ಹಾಕಿ ಐದು ಕಂತೆ ಮಾಡಿ, ಪಕ್ಕದಲ್ಲಿ ಎರಡು ಬಿಡಿ ಕಡ್ಡಿಗಳನ್ನಿಡಿ. ಏಳು ಬಿಡಿ ಕಡ್ಡಿ ಕೊಡು ಎಂದು ಕೇಳಿ. ಎರಡೇ ಇವೆ ಎನ್ನುತ್ತದೆ ಮಗು. ಸ್ವಲ್ಪ ಹೊತ್ತು ಯೋಚಿಸಿ ತಾನೇ ಒಂದು ಕಂತೆಯ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ಈಗ ನಾಲ್ಕು ಕಂತೆ, ಹನ್ನೆರಡು ಬಿಡಿ. ಏಳು ಕೊಟ್ಟ ಮೇಲೆ ಐದು ಬಿಡಿ, ಇನ್ನೆರಡು ಕಂತೆ ಕೊಟ್ಟ ಮೇಲೆ ಎರಡು ಕಂತೆ, ಉಳಿದದ್ದು 25. ಈ ಕೆಲಸವನ್ನು ಕೈಯಾರೆ ಹಲವು ಸಲ ಮಾಡಿದ ಮಗುವಿಗೆ ಆಮೇಲೆ ಕಾಗದದ ಮೇಲಿನ ಲೆಕ್ಕ ಅದೇ ಕೆಲಸದ ಬರಹರೂಪವಾಗಿ ಕಾಣುತ್ತದೆ. ಅಕ್ಷರ ಫೌಂಡೇಶನ್ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ದ ಮೂಲಕ ಸರ್ಕಾರಿ ಶಾಲೆಗಳಿಗೆ ಬಂದ ಗಣಿತ ಕಿಟ್‌ನಲ್ಲಿರುವ ಸಾಮಗ್ರಿಗಳೂ ಇದೇ ಉದ್ದೇಶದವು. ಗ್ರಾಮೀಣ ಮಕ್ಕಳ ಕಲಿಕೆಯನ್ನು 2005ರಿಂದ ಸಮೀಕ್ಷಿಸುತ್ತಿರುವ ಅಸರ್ ವರದಿ ಮಕ್ಕಳ ಮುಂದಿಡುವ ವ್ಯವಕಲನವೂ ಇಂಥ ಎರಡಂಕಿಯದೇ, ದಶಕ ಬಿಡಿಸಿ ಕಳೆಯಬೇಕಾದದ್ದೇ. ಮೂರನೇ ತರಗತಿ ಮುಗಿಯುವುದರೊಳಗೆ ಓದು, ಲೆಕ್ಕಗಳ ಬುನಾದಿ ಗಟ್ಟಿಯಾಗಬೇಕೆಂದು 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಅಭಿಯಾನ ಒತ್ತಿಹೇಳುವುದೂ ಇದಕ್ಕೇ, ಈ ಬುನಾದಿಯಿಲ್ಲದೆ ನಾಲ್ಕನೇ ತರಗತಿಯ ಭಾಗಾಕಾರವಾಗಲಿ ಭಿನ್ನರಾಶಿಯಾಗಲಿ ನಿಲ್ಲುವುದಿಲ್ಲ.

ಮಗ್ಗಿ ಬೇಡವೆಂದು ನಾನು ಹೇಳುತ್ತಿಲ್ಲ. ಆರು ನಾಲ್ಕಲಿ ಇಪ್ಪತ್ನಾಲ್ಕು ಎಂಬುದು ಥಟ್ಟನೆ ಬಂದರೆ ದೊಡ್ಡ ಲೆಕ್ಕದಲ್ಲಿ ಮನಸ್ಸಿಗೆ ಬಿಡುವು ಸಿಗುತ್ತದೆ. ಆದರೆ ಆರಾರು ಹುಣಸೆ ಬೀಜದ ನಾಲ್ಕು ಸಾಲುಗಳನ್ನು ಜೋಡಿಸಿ ಎಣಿಸಿದ ನಂತರ ಬರುವ ಮಗ್ಗಿಗೂ ಬರಿಯ ರಾಗವಾಗಿ ಬರುವ ಮಗ್ಗಿಗೂ ಬಹಳ ವ್ಯತ್ಯಾಸವಿದೆ. ಗಣಿತದ ವಿಚಾರದಲ್ಲಿ ಪೋಷಕರ ಮನಃಸ್ಥಿತಿಯೂ ಮುಖ್ಯ. ಅಮೆರಿಕದಲ್ಲಿ ಒಂದು ಮತ್ತು ಎರಡನೇ ತರಗತಿಯ ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ, ಎರಿನ್ ಮಲೋನಿ ಮತ್ತು ಸಂಗಡಿಗರ ಅಧ್ಯಯನವೊಂದು, ಗಣಿತವೆಂದರೆ ಅಂಜುವ ಪೋಷಕರು ಮನೆಗೆಲಸಕ್ಕೆ ಪದೇ ಪದೇ ನೆರವಾದ ಮನೆಗಳ ಮಕ್ಕಳು ಆ ವರ್ಷ ಗಣಿತವನ್ನು ಕಡಿಮೆ ಕಲಿತರೆಂದು, ಅಂಥ ಪೋಷಕರು ಅಷ್ಟಾಗಿ ನೆರವಿಗೆ ಹೋಗದ ಮನೆಗಳಲ್ಲಿ ಈ ಪರಿಣಾಮ ಕಾಣಲಿಲ್ಲವೆಂದು ತೋರಿಸಿತು. ‘ನನಗೂ ಲೆಕ್ಕ ಬರ್ತಿರಲಿಲ್ಲ, ನಿನಗೂ ಬರಲ್ಲ ಬಿಡು’ ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲೀಸಾಗಿ ಬರುತ್ತದೆ! ಅಂಜಿಕೆಯಿರುವವರು ಲೆಕ್ಕ ಹೇಳಿಕೊಡುವುದನ್ನು ಬಿಟ್ಟು, ಅಂಗಡಿಯ ಚಿಲ್ಲರೆ, ಹಾಲಿನ ಲೆಕ್ಕ, ಅಕ್ಕಿಯ ಅಳತೆ ಇವುಗಳಲ್ಲಿ ಮಗುವನ್ನು ಜೊತೆಗೂಡಿಸಿಕೊಂಡರೆ ಹೆಚ್ಚು ಉಪಕಾರವಾಗುತ್ತದೆ.

ಮನೆಗೆಲಸದ ವಿಚಾರದಲ್ಲಿ ನಿಯಮವೇ ಸ್ಪಷ್ಟವಾಗಿದೆ. ಒಂದು ಮತ್ತು ಎರಡನೇ ತರಗತಿಗೆ ಮನೆಗೆಲಸ ಕೊಡಬಾರದೆಂದು ಕರ್ನಾಟಕದ ಶಿಕ್ಷಣ ಇಲಾಖೆ 2019ರಲ್ಲಿ ಶಾಲಾ ಬ್ಯಾಗಿನ ತೂಕದ ಆದೇಶದೊಂದಿಗೇ ತಿಳಿಸಿತ್ತು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೂ ಎರಡನೇ ತರಗತಿಯವರೆಗೆ ಮನೆಗೆಲಸ ಬೇಡ ಎನ್ನುತ್ತದೆ. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆ ಎನ್ನುತ್ತದೆ. ದಿನಕ್ಕಲ್ಲ, ವಾರಕ್ಕೆ. ಇದನ್ನು ಬಲ್ಲ ಪೋಷಕರೂ ‘ಹೋಂವರ್ಕ್ ಯಾಕೆ ಕೊಡಲ್ಲ’ ಎಂದು ಶಿಕ್ಷಕರನ್ನು ಒತ್ತಾಯಿಸುವುದುಂಟು. ಒಂದನೇ ತರಗತಿಯ ಮಗುವನ್ನು ಸಂಜೆ ಟ್ಯೂಷನ್ನಿಗೆ ಕಳಿಸುವುದುಂಟು. ಐದು ಗಂಟೆ ಶಾಲೆಯಲ್ಲಿ ಕೂತು ಬಂದ ಆರು ವರ್ಷದ ಮಗುವಿಗೆ ಸಂಜೆ ಬೇಕಾದದ್ದು ಓಟ, ಆಟ, ಊಟ, ಮಾತು ಮತ್ತು ಹೊತ್ತಿಗೆ ಸರಿಯಾದ ನಿದ್ದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆ ಕೊಟ್ಟ ಪ್ರಾಜೆಕ್ಟನ್ನು ದೊಡ್ಡವರು ಮಾಡಿಕೊಡುವುದಂತೂ ಕೂಡದು. ಮಗುವಿನ ಸೊಟ್ಟ ಚಿತ್ರದಿಂದ ಶಿಕ್ಷಕರಿಗೆ ತಿಳಿಯುವ ಸಂಗತಿ ಅಂಗಡಿಯಿಂದ ತಂದ ಚಾರ್ಟಿನಿಂದ ತಿಳಿಯುವುದಿಲ್ಲ.

‘ಇವತ್ತು ಏನು ಕಲಿತೆ?’ ಎಂಬ ಪ್ರಶ್ನೆಗೆ ಬರುವ ಉತ್ತರ ‘ಏನಿಲ್ಲ’ ಎಂಬುದೇ, ಏಕೆಂದರೆ ಆ ಪ್ರಶ್ನೆ ಮಗುವಿಗೆ ತೀರಾ ದೊಡ್ಡದು. ‘ಯಾವ ತಟ್ಟೆಯಲ್ಲಿ ಕೂತಿದ್ದೆ?’, ‘ಹವಾಮಾನ ನಕ್ಷೆಯಲ್ಲಿ ಇವತ್ತು ಏನು ಗುರುತು ಹಾಕಿದಿರಿ?’, ‘ಚಪ್ಪರಕ್ಕೆ ನಿನ್ನ ಚಿತ್ರ ಕಟ್ಟಿದರಾ?’ ಎಂದು ಕೇಳಿದರೆ ಮಾತು ಹರಿಯುತ್ತದೆ (ಚಪ್ಪರವೆಂದರೆ ಮಕ್ಕಳ ಕೆಲಸಗಳನ್ನು ತೂಗುಹಾಕಲು ತರಗತಿಯಲ್ಲಿ ಕಟ್ಟಿರುವ ದಾರಗಳು). ಹೀಗೆ ನೆನಪಿನಿಂದ ಹೊರತೆಗೆದು ಹೇಳುವ ಕ್ರಿಯೆಯೇ ಕಲಿಕೆಯನ್ನು ಗಟ್ಟಿಗೊಳಿಸುತ್ತದೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮತ್ತೆ ಮತ್ತೆ ಓದಿದವರಿಗಿಂತ ಓದಿದ್ದನ್ನು ನೆನಪಿಸಿಕೊಂಡು ಬರೆದವರಿಗೆ ಒಂದು ವಾರದ ನಂತರ ಹೆಚ್ಚು ನೆನಪಿತ್ತು. ಚಿಕ್ಕ ಮಕ್ಕಳಿಗೆ ಇದನ್ನು ಪರೀಕ್ಷೆಯ ರೂಪದಲ್ಲಿ ಮಾಡಬೇಕಾಗಿಲ್ಲ. ಪರಿಸರ ಅಧ್ಯಯನದಲ್ಲಿ ಬೇರಿನ ಪಾಠವಾಗಿದ್ದರೆ ಮೂರು ದಿನ ಬಿಟ್ಟು ಹಿತ್ತಲಿನ ಕಳೆ ಕೀಳುವಾಗ ಇದು ಯಾವ ಬೇರು ಎಂದು ಕೇಳಿದರಾಯಿತು.

ಶಿಕ್ಷಕರನ್ನು ಕಾಣುವುದು ಅಂಕಪಟ್ಟಿಗೆ ಸಹಿ ಹಾಕುವ ದಿನಕ್ಕಷ್ಟೇ ಸೀಮಿತವಾಗಬಾರದು. ವರ್ಷದಲ್ಲಿ ಕಲಿಕೆಯ ನಡುವೆ ನಾಲ್ಕು ರೂಪಣಾತ್ಮಕ, ಅವಧಿಯ ಕೊನೆಗೆ ಎರಡು ಸಂಕಲನಾತ್ಮಕ ಮೌಲ್ಯಮಾಪನಗಳು ನಡೆಯುತ್ತವೆ. ರೂಪಣಾತ್ಮಕ ಮೌಲ್ಯಮಾಪನದ ಉದ್ದೇಶ ಮಗು ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಂಡುಕೊಳ್ಳುವುದು. ಆದ್ದರಿಂದ ಎಷ್ಟು ಅಂಕ ಬಂತು ಎಂಬುದಕ್ಕಿಂತ ಯಾವುದರಲ್ಲಿ ತಡವರಿಸುತ್ತಿದೆ, ಮನೆಯಲ್ಲಿ ಏನು ಮಾಡಿಸಲಿ ಎಂದು ಕೇಳುವುದು ಸರಿಯಾದ ಪ್ರಶ್ನೆ. ಶಾಲೆ ಆರಂಭವಾಗುವ ದಿನಗಳಲ್ಲಿ ಹಿಂದಿನ ವರ್ಷದ ಕಲಿಕೆಯನ್ನು ಕೂಡಿಸುವ ‘ಸೇತುಬಂಧ’ ನಡೆಯುತ್ತದೆ. ಅಷ್ಟು ದಿನ ಪಾಠ ಇನ್ನೂ ಶುರುವಾಗಿಲ್ಲವೆಂದು ಮಗುವನ್ನು ನೆಂಟರ ಮನೆಯಲ್ಲೇ ಬಿಡುವ ಪೋಷಕರು, ಅದಕ್ಕೆ ಅತ್ಯಂತ ಬೇಕಾದ ದಿನಗಳನ್ನೇ ತಪ್ಪಿಸುತ್ತಾರೆ.

ಓದುಬರಹ ಬಾರದ ಪೋಷಕರು ತಮ್ಮಿಂದ ಏನೂ ಆಗದು ಎಂದುಕೊಳ್ಳುವುದು ನೋವಿನ ಸಂಗತಿ. ಇಲ್ಲಿ ಹೇಳಿದ ಬಹುಪಾಲು ಕೆಲಸಕ್ಕೆ ಅಕ್ಷರಜ್ಞಾನ ಬೇಕಿಲ್ಲ. ಮಗು ಓದುವಾಗ ಸ್ವರ ತಡವರಿಸುತ್ತಿದೆಯೇ ಹರಿಯುತ್ತಿದೆಯೇ ಎಂಬುದು ಕಿವಿಗೆ ತಿಳಿಯುತ್ತದೆ. ಕಥೆ, ಒಗಟು, ಗಾದೆ, ಸೋಬಾನೆ ಪದ, ಬೆಳೆ-ಮಳೆ ನಕ್ಷತ್ರಗಳ ಲೆಕ್ಕ ಇವೆಲ್ಲ ಮಗುವಿನ ಪದಸಂಪತ್ತನ್ನು ಬೆಳೆಸುತ್ತವೆ, ಮತ್ತು ಕಿವಿಯಲ್ಲಿ ಕೇಳಿ ಗೊತ್ತಿರುವ ಪದವನ್ನೇ ಮಗು ಪುಟದ ಮೇಲೆ ಬೇಗ ಗುರುತಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಮಗು ಮುಂದೆ ಸಾಗದಿದ್ದರೆ ಮೊದಲು ಪರೀಕ್ಷಿಸಬೇಕಾದದ್ದು ಕಣ್ಣು, ಕಿವಿ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ಕಪ್ಪುಹಲಗೆಯಿಂದ ತಪ್ಪು ತಪ್ಪಾಗಿ ನಕಲು ಮಾಡುವುದು, ಓದಿದ ಮೇಲೆ ತಲೆನೋವು ಎನ್ನುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ಪದೇ ಪದೇ ಕಿವಿ ಸೋರುವುದು ಇವು ಗಮನಿಸಬೇಕಾದ ಲಕ್ಷಣಗಳು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಆರೋಗ್ಯ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ಮಕ್ಕಳ ತಪಾಸಣೆ ನಡೆಸುತ್ತವೆ. ದೃಷ್ಟಿದೋಷ, ಶ್ರವಣದೋಷಗಳ ಜೊತೆಗೆ ಕಲಿಕಾ ತೊಂದರೆಯೂ ಅವರ ಪಟ್ಟಿಯಲ್ಲಿದೆ. ತಂಡ ಶಾಲೆಗೆ ಬರುವ ದಿನವನ್ನು ಮುಖ್ಯ ಶಿಕ್ಷಕರಿಂದ ಮೊದಲೇ ತಿಳಿದುಕೊಂಡು, ಮನೆಯಲ್ಲಿ ಕಂಡ ಲಕ್ಷಣಗಳನ್ನು ಒಂದು ಚೀಟಿಯಲ್ಲಿ ಬರೆದೋ ಬರೆಯಿಸಿಯೋ ಮಗುವಿನ ಜೊತೆ ಕಳಿಸಬೇಕು. ಸಾಧ್ಯವಾದರೆ ಆ ದಿನ ತಾಯಿಯೋ ತಂದೆಯೋ ಶಾಲೆಯಲ್ಲಿರಬೇಕು, ಏಕೆಂದರೆ ಇಡೀ ಶಾಲೆಯ ಮಕ್ಕಳನ್ನು ನೋಡಬೇಕಾದ ವೈದ್ಯರಿಗೆ ಒಂದು ಮಗುವಿನೊಡನೆ ಸಿಗುವುದು ಕೆಲವೇ ನಿಮಿಷ.